ವಾರಕ್ಕೆ ಎಷ್ಟು ಸೂಜಿ?

ದಕ್ಷಿಣ ಕೊರಿಯಾದ ಅಪಾರ್ಟ್‌ಮೆಂಟುಗಳಲ್ಲಿ ಬೇಲಿ ಇಲ್ಲ. ಕಾಂಪೌಂಡಿನ ಮೇಲೆ ಮೊಣಕೈ ಊರಿ ಪಕ್ಕದ ಮನೆಯವರ ಸುದ್ದಿ ಕೇಳುವ ಸುಖವೂ ಇಲ್ಲ. ಆ ಕೊರತೆ ತುಂಬಿಸುವುದು ಕಸ. ವಾರದಲ್ಲಿ ಗೊತ್ತಾದ ದಿನ ಪ್ಲಾಸ್ಟಿಕ್ಕು, ಗಾಜು, ರಟ್ಟು, ತಗಡಿನ ಡಬ್ಬಿ ಎಲ್ಲ ಬೇರೆ ಬೇರೆ ಮಾಡಿಕೊಂಡು ಪ್ರತಿ ಮನೆಯವರೂ ಕೆಳಗಿಳಿಯಲೇಬೇಕು. ಸುವೊನ್ ಊರಿನ ಯೊಂಗ್‌ಟೊಂಗ್ ಕಡೆ, ಸ್ಯಾಮ್‌ಸಂಗ್ ಕಚೇರಿಗಳ ಆಸುಪಾಸಿನಲ್ಲಿ, ಕನ್ನಡದ ಮನೆಗಳೂ ಒಂದಷ್ಟಿವೆ. ಹಾಗಾಗಿ ಕಸದ ದಿನ ಎಂದರೆ ನಮಗೆ ಸಂತೆಯ ದಿನ.

ಹುಬ್ಬಳ್ಳಿಯ ಅಕ್ಕ ಆ ಸಂತೆಗೆ ಬಂದದ್ದು ಒಂದೇ ಕೈಯಲ್ಲಿ ಚೀಲ ಹಿಡಿದು. ಇನ್ನೊಂದು ಕೈ ಹೊಟ್ಟೆಗೆ ಅಂಟಿಕೊಂಡಿತ್ತು.

“ನೋಡ್ರಿ, ಭುಜದಾಗ ನೋವು ಅಂತ ಹೋದ್ರ, ವಾರಕ್ಕ ಮೂರ್ ಸಲ ಬರ್ರಿ ಅಂತಾರ. ಭುಜ ನಂದು, ಕ್ಯಾಲೆಂಡರ್ ಅವ್ರದು!”

“ಯಾರಕ್ಕ, ಮೂಳೆ ಡಾಕ್ಟರಾ?”

“ಅಲ್ರೀ, ಸೂಜಿ ಡಾಕ್ಟರು. ಗುಣ ಆಗೂದಿದ್ರ ಒಂದ ಸಲಕ್ಕ ಆಗಬೇಕು. ಆಗೂದಿಲ್ಲಂದ್ರ ಮೂರ್ ಸಲ ಯಾಕ ಹೋಗಬೇಕು?”

ಇಂಥ ತರ್ಕದ ಎದುರು ಯಾವ ವೈದ್ಯಶಾಸ್ತ್ರವೂ ನಿಲ್ಲುವುದಿಲ್ಲ. ನಾನು ಹಾಲಿನ ಡಬ್ಬಿ ಚಪ್ಪಟೆ ಮಾಡುತ್ತ ನಿಂತೆ.

ಸೂಜಿ ಡಾಕ್ಟರು ಎಂದರೆ ಇಲ್ಲಿನ ಹನಿವೊನ್‌ಗಳ, ಅಂದರೆ ಕೊರಿಯಾದ ಪಾರಂಪರಿಕ ಚಿಕಿತ್ಸಾಲಯಗಳ, ವೈದ್ಯರು. ಹನಿವೊನ್ ಇಲ್ಲದ ಬೀದಿ ಕೊರಿಯಾದಲ್ಲಿ ಕಷ್ಟ. ಕೆಳಗೆ ಔಷಧದಂಗಡಿ, ಪಕ್ಕದಲ್ಲಿ ಕರಿದ ಕೋಳಿಯ ಹೋಟೆಲು, ಮೇಲಿನ ಮಹಡಿಯಲ್ಲಿ ಸೂಜಿ. ಬೀದಿಬದಿಯ ನಾಟಿ ವೈದ್ಯ ಇದಲ್ಲ. ಆರು ವರ್ಷ ಕಾಲೇಜಿನಲ್ಲಿ ಓದಿ, ರಾಷ್ಟ್ರೀಯ ಪರೀಕ್ಷೆ ಪಾಸಾಗಿ, ಸರ್ಕಾರದ ಪರವಾನಗಿ ಪಡೆದವರು ಮಾತ್ರ ಬೋರ್ಡು ಹಾಕಬಹುದು. ಅಂಥ ಕಾಲೇಜುಗಳು ದೇಶದಲ್ಲಿ 12 ಇವೆ. 1951ರ ಕಾನೂನು ಈ ಪದ್ಧತಿಗೆ ಮನ್ನಣೆ ಕೊಟ್ಟಿತು, 1987ರಿಂದ ಆರೋಗ್ಯ ವಿಮೆಯೂ ಸೇರಿಕೊಂಡಿತು. ನಮ್ಮಲ್ಲಿ ಆಯುರ್ವೇದ ಕಾಲೇಜು, ಅಲೋಪತಿ ಕಾಲೇಜು ಅಕ್ಕಪಕ್ಕ ಇರುವ ಹಾಗೆ ಇಲ್ಲೂ ಎರಡು ಮನೆ. ಎರಡೂ ಮನೆಯವರ ಜಗಳ ಕೋರ್ಟಿನವರೆಗೂ ಹೋಗುತ್ತದೆ. ಹನಿವೊನ್ ವೈದ್ಯರು ಅಲ್ಟ್ರಾಸೌಂಡ್ ಯಂತ್ರ ಬಳಸಿದರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಭುಜದೊಳಗೆ ಇಣುಕುವ ಹಕ್ಕು ಒಂದೇ ಮನೆಯದಾಗಿತ್ತು.

ಒಳಗೆ ಹೋದರೆ ಪರದೆ ಎಳೆದ ಸಾಲು ಮಂಚಗಳು. ಮಲಗಿದೊಡನೆ ಬೆನ್ನಿಗೆ ಬಿಸಿ ಪ್ಯಾಕು, ಮೇಲೆ ಕೆಂಪು ಶಾಖದ ದೀಪ. ವೈದ್ಯರು ಬಂದು ಕೂದಲೆಳೆಯ ಸೂಜಿಗಳನ್ನು ಟಪಟಪನೆ ಇಳಿಸಿ ಹೋಗುತ್ತಾರೆ. ಭುಜದ ನೋವಿಗೆ ಭುಜಕ್ಕೇ ಚುಚ್ಚುತ್ತಾರೆ ಎಂದುಕೊಳ್ಳಬೇಡಿ. ಮೊಣಕಾಲಿನ ಕೆಳಗೆ, ಅಂಗೈ ಹಿಂದೆ, ಕೆಲವೊಮ್ಮೆ ನೋವಿಲ್ಲದ ಬದಿಗೂ ಬೀಳುತ್ತದೆ. ಹದಿನೈದಿಪ್ಪತ್ತು ನಿಮಿಷಕ್ಕೆ ಟೈಮರ್ ಕೂಗಿದರೆ ನರ್ಸಮ್ಮ ಬಂದು ಸೂಜಿ ಕಿತ್ತು, ಬೇಕಿದ್ದರೆ ಬಟ್ಟಲು ಕಚ್ಚಿಸುತ್ತಾರೆ. ಅದಕ್ಕೆ ಬುಹಾಂಗ್ ಎನ್ನುತ್ತಾರೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ಜಗತ್ತೆಲ್ಲ ನೋಡಿದ ನೇರಳೆ ಬಣ್ಣದ ದುಂಡು ಗುರುತುಗಳು ಅದೇ ಬಟ್ಟಲುಗಳವು. ಅದರ ಜೊತೆಗೆ ಕೀಲು ಎಳೆದು ಒತ್ತುವ ಚುನಾ ಇದೆ, ಗಿಡಮೂಲಿಕೆಯ ಸಾರವನ್ನೋ ಜೇನಿನ ವಿಷವನ್ನೋ ಚುಚ್ಚುಮದ್ದು ಮಾಡುವುದಿದೆ, ಚೀಲಗಳಲ್ಲಿ ಮನೆಗೆ ಬರುವ ಕಪ್ಪು ಕಷಾಯವಿದೆ. ಭುಜ ಒಂದೇ ಆದರೂ ಬಿಲ್ಲಿನ ಸಾಲು ಹಲವು.

ಅಕ್ಕನಿಗೆ ಸಲಹೆಗಾರರ ಬರವೇನೂ ಇರಲಿಲ್ಲ. ಹುಬ್ಬಳ್ಳಿಯಿಂದ ಫೋನಿನಲ್ಲಿ ಅವರ ತಾಯಿ, “ಯಾವುದ ಔಷಧ ಇರಲಿ, ಒಂದು ಮಂಡಲ ಮಾಡಬೇಕು” ಎಂದರಂತೆ. ಮಂಡಲ ಎಂದರೆ ನಲವತ್ತೆಂಟು ದಿನ, ಅಷ್ಟೂ ದಿನ ಸೂಜಿ ಚುಚ್ಚಿಸಿಕೊಂಡರೆ ಮೈಯಲ್ಲಿ ಜಾಗ ಉಳಿಯಬೇಕಲ್ಲ! ಅವರ ಯಜಮಾನರು ನೋವಾದಾಗ ಹೋಗು, ಇಲ್ಲದಾಗ ಬಿಡು ಎನ್ನುವ ಪಂಥದವರು. ಇಂಜಿನಿಯರ್‌ಗಳು ಸಾಮಾನ್ಯವಾಗಿ ಹೆಂಡತಿಯ ಭುಜವನ್ನು ಹೀಗೇ ನೋಡುತ್ತಾರೆ. ಮೂರನೆಯವರು ಕೆಳಗಿನ ಮನೆಯ ಕೊರಿಯನ್ ಅಜ್ಜಿ. ಅವರು ಬೆಳಿಗ್ಗೆ ತಿಂಡಿ ಮುಗಿಸಿ ಹನಿವೊನ್‌ಗೆ ಹೊರಟರೆಂದರೆ ದೇವಸ್ಥಾನಕ್ಕೆ ಹೊರಟ ಗಾಂಭೀರ್ಯ ಇರುತ್ತದೆ. ದಿನವೂ ಹೋಗು, ಮೈ ಹಗುರ ಎಂಬುದು ಅವರ ಮತ.

ಅಜ್ಜಿಯ ಮತಕ್ಕೆ ಅರ್ಥಶಾಸ್ತ್ರದ ಆಧಾರವಿದೆ. ಹನಿವೊನ್‌ನಲ್ಲಿ ವಿಮೆಗೆ ಒಳಪಟ್ಟ ಚಿಕಿತ್ಸೆಗೆ ನಾವು ಕೊಡುವುದು ಬಿಲ್ಲಿನ ಶೇಕಡಾ 30. ವಯಸ್ಸು 65 ದಾಟಿದವರಿಗೆ, ಒಟ್ಟು ಬಿಲ್ಲು 15,000 ವಾನ್ ಮೀರದಿದ್ದರೆ, 1,500 ವಾನ್ ಕೊಟ್ಟರೆ ಮುಗಿಯಿತು. ಅಷ್ಟಕ್ಕೆ ಬೆಚ್ಚನೆ ಮಂಚ, ಕೆಂಪು ದೀಪ, ವೈದ್ಯರ ಕೈಯ ಸ್ಪರ್ಶ, ಪಕ್ಕದ ಪರದೆಯಾಚೆಗಿನ ಗೆಳತಿಯ ಸೊಸೆಯ ಸುದ್ದಿ. ಇಷ್ಟು ಕೊಡುವ ಜಾಗ ಊರಲ್ಲಿ ಇನ್ನೊಂದಿಲ್ಲ. ಒಂಟಿಯಾಗಿರುವ ಮುದುಕಿಗೆ ದಿನವೂ ಹೋಗುವುದು ಭುಜಕ್ಕೆ ಬೇಕೋ ಬೇಡವೋ, ಬದುಕಿಗೆ ಬೇಕು. ಅದನ್ನು ಅತಿಯಾಯಿತು ಎನ್ನಲು ನನಗೆ ನಾಲಿಗೆ ಬಾರದು. ಆದರೆ ಅದು ಅಜ್ಜಿಯ ಲೆಕ್ಕ. ನಲವತ್ತೆಂಟು ವಯಸ್ಸಿನ ಅಕ್ಕನಿಗೆ ಅದನ್ನೇ ಹೊಲಿದು ತೊಡಿಸಲಾಗದು.

ಯಾರು ದುಡ್ಡು ಕೊಡುತ್ತಾರೆ ಎಂಬುದರ ಮೇಲೆ ಎಷ್ಟು ಸಲ ನೋಯಬೇಕು ಎಂಬುದು ತೀರ್ಮಾನವಾಗುವ ವಿಚಿತ್ರವನ್ನು ಇಲ್ಲಿ ಕಣ್ಣಾರೆ ನೋಡಬಹುದು. ಚುನಾ ಚಿಕಿತ್ಸೆ ಆರೋಗ್ಯ ವಿಮೆಗೆ ಸೇರಿದ್ದು 2019ರ ಏಪ್ರಿಲ್ 8ರಂದು. ಸೇರಿಸುವಾಗಲೇ ಸರ್ಕಾರ ಗೆರೆ ಎಳೆಯಿತು: ಒಬ್ಬ ರೋಗಿಗೆ ವರ್ಷಕ್ಕೆ 20 ಸಲ, ಒಬ್ಬ ವೈದ್ಯರಿಗೆ ದಿನಕ್ಕೆ 18 ಮಂದಿ. ರೋಗಿಯ ಪಾಲು ಸಾಮಾನ್ಯವಾಗಿ ಅರ್ಧ, ಕೆಲವು ಬಗೆಗೆ ಶೇಕಡಾ 80. ಈ ಇಪ್ಪತ್ತು ಎಂಬುದು ಯಾರ ಕೀಲನ್ನೂ ಮುಟ್ಟಿ ನೋಡಿ ಹೇಳಿದ ಸಂಖ್ಯೆಯಲ್ಲ, ಖಜಾನೆ ನೋಡಿ ಹೇಳಿದ್ದು. ಆದರೂ ಜನ ‘ನನಗಿನ್ನೂ ಎಂಟು ಉಳಿದಿವೆ’ ಎಂದು ಡಿಸೆಂಬರಿನಲ್ಲಿ ಲೆಕ್ಕ ಹಾಕುತ್ತಾರೆ.

ಕಾರಿನ ಕಥೆ ಇನ್ನೂ ಸೊಗಸು. ಸಿಗ್ನಲ್ಲಿನಲ್ಲಿ ನಿಂತವರ ಕಾರಿಗೆ ಹಿಂದಿನವನು ಮೆಲ್ಲಗೆ ತಾಕಿಸಿದನೆನ್ನಿ. ಬಂಪರಿಗೆ ಗೀರು ಬಿದ್ದಿರುತ್ತದೆಯೋ ಇಲ್ಲವೋ, ಮರುದಿನ ಕತ್ತು ಭುಜ ಹಿಡಿದುಕೊಂಡು ಹನಿವೊನ್‌ಗೆ ಹೋಗುವವರಿದ್ದಾರೆ, ಏಕೆಂದರೆ ಬಿಲ್ಲು ತಾಕಿಸಿದವನ ವಾಹನ ವಿಮೆಯದು. ಸೂಜಿ, ಬಟ್ಟಲು, ಚುನಾ, ಕಷಾಯ ಎಲ್ಲವನ್ನೂ ಒಂದೇ ಎಲೆಗೆ ಬಡಿಸುತ್ತಾರೆ. ಇದು ಎಷ್ಟು ಬೆಳೆಯಿತೆಂದರೆ, 2023ರ ಜನವರಿಯಿಂದ ಉಳುಕು, ತರಚುಗಳಂಥ ಕೆಳದರ್ಜೆಯ ಗಾಯಗಳಿಗೆ ನಾಲ್ಕು ವಾರ ಮೀರಿ ಚಿಕಿತ್ಸೆ ಬೇಕಾದರೆ ವೈದ್ಯರ ಪ್ರಮಾಣಪತ್ರ ಕೊಡಬೇಕು ಎಂಬ ನಿಯಮ ಬಂತು. ನಿಜವಾಗಿ ನರಳುವವರಿಗೆ ಈ ನಿಯಮದಿಂದ ತೊಂದರೆಯಾಯಿತು ಎನ್ನುವವರೂ ಇದ್ದಾರೆ, ಅದರಲ್ಲೂ ಹುರುಳಿದೆ.

ಅಕ್ಕ ಇದನ್ನೆಲ್ಲ ಕೇಳಿ, “ಅಂದ್ರ ಇವ್ರೂ ರೊಕ್ಕಕ್ಕ ಮೂರ್ ಸಲ ಅನ್ನಾಕತ್ತಾರೇನ್ರೀ?” ಎಂದರು.

ಇಲ್ಲ. ಅಲ್ಲಿ ನಾನು ವೈದ್ಯರ ಪಕ್ಷ.

ಭುಜದ ಸೂಜಿಯನ್ನು ಪರೀಕ್ಷೆಗೊಡ್ಡಿದವರಲ್ಲಿ ಜರ್ಮನರು ಮುಖ್ಯರು. 2010ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ, ಆರು ವಾರಕ್ಕಿಂತ ಹಳೆಯ ಭುಜ ನೋವಿದ್ದ 424 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸರಿಯಾದ ಜಾಗದಲ್ಲಿ ಸೂಜಿ, ಇನ್ನೊಂದಕ್ಕೆ ತೋರಿಕೆಯ ಸೂಜಿ, ಮೂರನೆಯದಕ್ಕೆ ಮೂಳೆ ವೈದ್ಯರ ಮಾಮೂಲಿ ಚಿಕಿತ್ಸೆ. ಆರು ವಾರಗಳಲ್ಲಿ ಹದಿನೈದು ಸಲ. ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ನೋವು ಅರ್ಧಕ್ಕರ್ಧ ಇಳಿದಿದ್ದವರು ನಿಜವಾದ ಸೂಜಿಯ ಗುಂಪಿನಲ್ಲಿ ಶೇಕಡಾ 65, ತೋರಿಕೆಯದರಲ್ಲಿ 24, ಮಾಮೂಲಿ ಚಿಕಿತ್ಸೆಯಲ್ಲಿ 37. ಆರು ವಾರಕ್ಕೆ ಹದಿನೈದು ಎಂದರೆ ವಾರಕ್ಕೆ ಎರಡೂವರೆ. ಹನಿವೊನ್ ವೈದ್ಯರು ವಾರಕ್ಕೆ ಎರಡು ಮೂರು ಸಲ ಬನ್ನಿ ಎನ್ನುವುದೂ ಅಷ್ಟನ್ನೇ. ಗಾಳಿಯಲ್ಲಿ ಹುಟ್ಟಿದ ಸಂಖ್ಯೆಯಲ್ಲ ಅದು.

ಹಾಗೆಂದು ಹದಿನೈದೇ ಮಂತ್ರಸಂಖ್ಯೆ ಎಂದು ಬರೆದಿಟ್ಟುಕೊಳ್ಳಬೇಡಿ. 2008ರಲ್ಲಿ ಪ್ರಕಟವಾದ, ಸ್ಪೇನಿನವರು 425 ಮಂದಿಯ ಮೇಲೆ ಮಾಡಿದ ಅಧ್ಯಯನದಲ್ಲಿ, ಭೌತಚಿಕಿತ್ಸೆಯ ಜೊತೆಗೆ ಮೊಣಕಾಲ ಕೆಳಗಿನ ಒಂದೇ ಒಂದು ಬಿಂದುವಿಗೆ ವಾರಕ್ಕೊಮ್ಮೆ, ಮೂರು ವಾರ ಮಾತ್ರ ಸೂಜಿ ಹಾಕಿದರು. ಅಷ್ಟಕ್ಕೇ ತೋರಿಕೆಯ ಚಿಕಿತ್ಸೆಗಿಂತ ಫಲ ಚೆನ್ನಾಗಿತ್ತು. ಹದಿನೈದಕ್ಕೂ ಮೂರಕ್ಕೂ ಎಷ್ಟು ದೂರ! ಆದರೆ ಆ ಭುಜಗಳೇ ಬೇರೆ, ಈ ಭುಜಗಳೇ ಬೇರೆ. ಎಷ್ಟು ಸಲ ಎಂದು ಕೇಳುವವರು ಯಾವ ಭುಜ ಎಂದು ಮೊದಲು ಕೇಳಿಕೊಳ್ಳುವುದಿಲ್ಲ, ನನ್ನ ತಕರಾರು ಅದೇ.

ಭುಜದಷ್ಟು ಎಲ್ಲ ಕಡೆಗೂ ತಿರುಗುವ ಕೀಲು ಮೈಯಲ್ಲಿ ಬೇರೆ ಇಲ್ಲ. ಅದನ್ನು ಹಿಡಿದಿಟ್ಟಿರುವುದು ನಾಲ್ಕು ಸಣ್ಣ ಸ್ನಾಯುಗಳು, ಅವುಗಳ ಸ್ನಾಯುರಜ್ಜು ಮತ್ತು ಸುತ್ತಲಿನ ಒಂದು ಚೀಲ. ರಜ್ಜು ಊದಿಕೊಂಡರೆ ಒಂದು ನೋವು, ಹರಿದರೆ ಇನ್ನೊಂದು, ಚೀಲ ದಪ್ಪಗಾಗಿ ಕುಗ್ಗಿದರೆ ಮತ್ತೊಂದು. ಈ ಕೊನೆಯದನ್ನು ಕೊರಿಯಾದ ಜನ ಐವತ್ತರ ಭುಜ ಎನ್ನುತ್ತಾರೆ, ನಮ್ಮಲ್ಲಿ ಫ್ರೋಜನ್ ಶೋಲ್ಡರ್. ನಲವತ್ತರಿಂದ ಅರವತ್ತರ ನಡುವೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತೊಂದರೆ ಏನೆಂದರೆ ಐವತ್ತು ದಾಟಿದವರ ಎಲ್ಲ ಭುಜ ನೋವಿಗೂ ಮನೆಯವರೇ ಆ ಹೆಸರಿಟ್ಟುಬಿಡುತ್ತಾರೆ. ಕೆಳಗೆ ಹರಿದ ರಜ್ಜು ಇದ್ದರೂ ‘ಐವತ್ತರ ಭುಜ, ತಾನೇ ಹೋಗುತ್ತೆ’ ಎಂದು ವರ್ಷ ಕಳೆಯುತ್ತದೆ.

ಅಕ್ಕನ ಕೈಯನ್ನು ನಾನು ಅಲ್ಲೇ, ರಟ್ಟಿನ ರಾಶಿಯ ಪಕ್ಕ, ಮೆಲ್ಲಗೆ ಎತ್ತಿ ನೋಡಿದೆ. ಹೆಗಲ ಮಟ್ಟಕ್ಕೆ ಬಂದದ್ದು ಅಲ್ಲೇ ನಿಂತಿತು. ಜಡೆ ಹಾಕಿಕೊಳ್ಳಲು ಆಗುವುದಿಲ್ಲ, ರವಿಕೆಯ ಹುಕ್ಕು ಹಿಂದಿದ್ದರೆ ಮಗಳನ್ನು ಕರೆಯಬೇಕು, ರಾತ್ರಿ ಆ ಮಗ್ಗುಲಿಗೆ ಮಲಗುವ ಹಾಗಿಲ್ಲ. ತಾನಾಗಿ ಎತ್ತಿದರೂ, ಇನ್ನೊಬ್ಬರು ಎತ್ತಿದರೂ ಒಂದೇ ಕಡೆ ನಿಂತರೆ ಅದು ಚೀಲ ಬಿಗಿದಿರುವ ಲಕ್ಷಣ. ಇನ್ನೊಬ್ಬರು ಎತ್ತಿದಾಗ ಸಲೀಸಾಗಿ ಹೋಗಿ, ತಾನಾಗಿ ಎತ್ತಲು ಬಲವಿಲ್ಲದಿದ್ದರೆ ರಜ್ಜಿನ ಮೇಲೆ ಅನುಮಾನ. ನೋವು ಮೊಣಕೈ ದಾಟಿ ಬೆರಳುಗಳಲ್ಲಿ ಜುಮ್ಮೆಂದರೆ ಭುಜ ಬಿಟ್ಟು ಕತ್ತು ನೋಡಿಸಬೇಕು. ಇದು ಬೀದಿ ಪರೀಕ್ಷೆ, ಪಕ್ಕಾ ಹೇಳಬೇಕಾದವರು ವೈದ್ಯರು.

ಬಿಗಿದ ಭುಜದ ಸ್ವಭಾವವೇ ನಿಧಾನ. ಮೊದಲು ಕೆಲವು ತಿಂಗಳು ನೋವು ಏರುತ್ತದೆ. ಆಮೇಲೆ ನೋವು ಇಳಿದು ಬಿಗಿತ ಉಳಿಯುತ್ತದೆ. ಕೊನೆಗೆ ಮೆಲ್ಲಮೆಲ್ಲನೆ ಸಡಿಲವಾಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ. ಇದನ್ನು ತಿಳಿಯದೆ ವಾರಕ್ಕೆ ಮೂರರಂತೆ ಎರಡು ವರ್ಷ ಹೋಗುವವರೂ ಇದ್ದಾರೆ, ಎರಡೇ ಸಲ ಹೋಗಿ ಪ್ರಯೋಜನವಿಲ್ಲ ಎಂದು ಬಯ್ದು ಬಿಡುವವರೂ ಇದ್ದಾರೆ. ನೋವು ಏರುವ ಕಾಲಕ್ಕೆ ಸೂಜಿ ಒತ್ತೊತ್ತಾಗಿ ಬೇಕು, ಏಕೆಂದರೆ ಆಗ ಒಂದು ಸಲದ ಹಗುರ ಮುಂದಿನ ವಾರದವರೆಗೆ ಬಾಳುವುದಿಲ್ಲ. ರಾತ್ರಿ ನಿದ್ದೆ ಬರುವಂತಾದರೆ ವಾರಕ್ಕೊಂದು ಸಾಕು. ಬಿಗಿತದ ಕಾಲಕ್ಕೆ ಬಂದಾಗ ಸೂಜಿಗಿಂತ ಗೋಡೆ ದೊಡ್ಡ ವೈದ್ಯ. ದಿನಕ್ಕೆ ಎರಡು ಮೂರು ಸಲ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸಬೇಕು, ಬಗ್ಗಿ ನಿಂತು ತೋಳನ್ನು ಮೆಲ್ಲಗೆ ತೂಗಾಡಿಸಬೇಕು. ಹನಿವೊನ್‌ನಲ್ಲಿ ವಾರಕ್ಕೆ ಒಂದು ಗಂಟೆ ಮಲಗಿ, ಉಳಿದ ಹೊತ್ತೆಲ್ಲ ಕೈಯನ್ನು ಹೊಟ್ಟೆಗಂಟಿಸಿಕೊಂಡು ಕೂತರೆ ಸೂಜಿ ಏನು ಮಾಡೀತು?

“ಅಂದ್ರ ಮೂರ್ ಸಲ ಹೋಗ್ಲ್ಯೋ ಬ್ಯಾಡೋ, ಒಂದ ಮಾತಿನಾಗ ಹೇಳ್ರಿ.”

“ಹೋಗಿ ಅಕ್ಕ, ಮೊದಲ ಎರಡು ಮೂರು ವಾರ. ಆಮೇಲೆ ಒಂದೋ ಎರಡೋ. ಆರು ವಾರಕ್ಕೆ ನಿಲ್ಲಿಸಿ ನೋಡಿ. ರಾತ್ರಿ ನಿದ್ದೆ ಹೇಗಿದೆ, ಜಡೆವರೆಗೆ ಕೈ ಹೋಗುತ್ತದೆಯೇ. ಹೋಗದಿದ್ದರೆ ಏಳನೇ ವಾರ ಸೂಜಿಗೆ ಹೋಗಬೇಡಿ, ಸ್ಕ್ಯಾನಿಗೆ ಹೋಗಿ.”

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಅಕ್ಕನ ಚೀಲದಿಂದ ಒಂದು ಹಾಳೆ ಹೊರಬಂತು. ಅದರಲ್ಲಿ ಸೂಜಿಯ ಜೊತೆಗೆ ಮೂರು ತಿಂಗಳ ಕಷಾಯದ ಪ್ಯಾಕೇಜು. ಮುಂಗಡ ಕೊಟ್ಟರೆ ರಿಯಾಯಿತಿ. ಇಲ್ಲಿ ನಾನು ವೈದ್ಯರ ಪಕ್ಷ ಬಿಟ್ಟೆ. ಸೂಜಿಗೆ ವಿಮೆ ಇದೆ, ಆದರೆ ಕುದಿಸಿ ಕೊಡುವ ಕಷಾಯಕ್ಕೆ ವಿಮೆ ಸಿಗುವುದು ಪ್ರಾಯೋಗಿಕವಾಗಿ, ಪಟ್ಟಿಯಲ್ಲಿರುವ ಕೆಲವೇ ಕಾಯಿಲೆಗಳಿಗೆ. 2020ರಲ್ಲಿ ಶುರುವಾದಾಗ ಆ ಪಟ್ಟಿಯಲ್ಲಿದ್ದದ್ದು ಮುಟ್ಟಿನ ನೋವು, ಮುಖದ ಪಾರ್ಶ್ವವಾಯು, ಲಕ್ವದ ನಂತರದ ತೊಂದರೆಗಳು. ಬಿಗಿದ ಭುಜದ ಕಷಾಯಕ್ಕೆ ಜೇಬಿನಿಂದಲೇ ತೆಗೆಯಬೇಕು. ವೈದ್ಯ ಹೊ ಜುನ್ 1610ರಲ್ಲಿ ಮುಗಿಸಿದ ‘ತೊಂಗಿ ಪೊಗಾಮ್’ 25 ಸಂಪುಟಗಳ ದೊಡ್ಡ ವೈದ್ಯಗ್ರಂಥ, 2009ರಲ್ಲಿ ಯುನೆಸ್ಕೊ ವಿಶ್ವಸ್ಮೃತಿಯ ಪಟ್ಟಿಗೂ ಸೇರಿದೆ, ಇಲ್ಲಿನವರಿಗೆ ಅದರ ಮೇಲೆ ನಮಗೆ ಚರಕನ ಮೇಲಿರುವಷ್ಟು ಭಕ್ತಿ. ಆ ಭಕ್ತಿಗೆ ನಮಸ್ಕಾರ. ಅದರ ಹೆಸರಿನಲ್ಲಿ ಮೂರು ತಿಂಗಳ ಮುಂಗಡ ಕೇಳುವವರಿಗೆ ಬೇಡ. ಮೊದಲ ಭೇಟಿಯಲ್ಲೇ ಇಪ್ಪತ್ತು ಮೂವತ್ತು ಸಲದ ದುಡ್ಡು ಒಟ್ಟಿಗೆ ಕಟ್ಟಿ ಎಂದರೆ, ಎಷ್ಟೇ ಒಳ್ಳೆಯ ಕೈಗುಣದವರಾದರೂ, ಎದ್ದು ಬನ್ನಿ. ಭುಜ ಹೇಗೆ ಸ್ಪಂದಿಸುತ್ತದೆ ಎಂದು ಮೊದಲ ದಿನ ಯಾರಿಗೂ ಗೊತ್ತಿರುವುದಿಲ್ಲ.

ಜೇನುವಿಷದ ಚುಚ್ಚುಮದ್ದು ಅಂದರೆ ನನಗೆ ಭಯವೇ. ಕೆಲವರಿಗೆ ಅದು ನಿಮಿಷಗಳಲ್ಲಿ ಪ್ರಾಣಾಂತಿಕ ಅಲರ್ಜಿ ತರಬಲ್ಲದು. ಮೊದಲು ಚರ್ಮದ ಪರೀಕ್ಷೆ ಮಾಡದೆ ಯಾರಾದರೂ ಮುಂದುವರಿದರೆ ಬೇಡ ಎನ್ನಿ, ಮಾಡಿದರೂ ಬೇಡ ಎನ್ನುವ ಹಕ್ಕು ನಿಮಗಿದೆ. ಹೆಗಲಿನ ಮೇಲ್ಭಾಗದಲ್ಲಿ ಎಲ್ಲರಿಗೂ ಗಂಟು ಕಟ್ಟುವ ಆ ಜಾಗದಲ್ಲಿ ಸೂಜಿ ಆಳಕ್ಕೆ ಇಳಿದರೆ ಕೆಳಗೆ ಶ್ವಾಸಕೋಶವಿದೆ. ಅಪರೂಪ, ಆದರೂ ಸೂಜಿಯ ನಂತರ ಎದೆ ಚುಚ್ಚಿ ಉಸಿರು ಕಟ್ಟಿದಂತಾದರೆ ಮನೆಗೆ ಹೋಗದೆ ತುರ್ತು ವಿಭಾಗಕ್ಕೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಪರದೆ ಎಳೆಯುವ ಮುನ್ನವೇ ಹೇಳಿ.

ಇನ್ನು ಕಿಮ್ಜಾಂಗ್. ನವೆಂಬರ್ ಮುಗಿಯುತ್ತ ಬಂದರೆ ಇಡೀ ದೇಶದ ಹೆಂಗಸರು ಚಳಿಗಾಲದ ಕಿಮ್ಚಿ ಹಾಕಲು ಕೂರುತ್ತಾರೆ. ಉಪ್ಪಿನಲ್ಲಿ ನೆನೆದು ಭಾರವಾದ ಕೋಸುಗಳನ್ನು ಎತ್ತಿ, ತೊಳೆದು, ಎಲೆ ಎಲೆಗೂ ಮಸಾಲೆ ಹಚ್ಚುವ ಕೆಲಸ. 2013ರಲ್ಲಿ ಯುನೆಸ್ಕೊ ಅದನ್ನೂ ಮಾನವಕುಲದ ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ಪರಂಪರೆ ಯುನೆಸ್ಕೊದ್ದು, ಭುಜ ಅತ್ತೆ ಸೊಸೆಯರದ್ದು. ಅಕ್ಕನೂ ಕೊರಿಯನ್ ಅಜ್ಜಿಯ ಮನೆಯಲ್ಲಿ ಕೋಸು ಎತ್ತಲು ಹೋಗುವವರಿದ್ದರು. ಈ ವರ್ಷ ಬೇಡ ಎಂದೆ. ಒಂದು ಕಡೆ ಸೂಜಿ, ಇನ್ನೊಂದು ಕಡೆ ಕೋಸು ಎಂದರೆ ವಾರಕ್ಕೆ ಏಳು ಸಲ ಹೋದರೂ ಲೆಕ್ಕ ಸರಿಹೋಗದು.

ಅಕ್ಕ ಹೊರಡುವ ಮೊದಲು ನಾನು ಕೇಳಿದ್ದು, “ಶುಗರ್ ನೋಡ್ಸಿದೀರಾ?”

“ಭುಜಕ್ಕೂ ಸಕ್ಕರಿಗೂ ಏನ್ ಸಂಬಂಧರೀ?”

ಬಹಳ ಸಂಬಂಧ. ಮಧುಮೇಹ ಇದ್ದವರಲ್ಲಿ ಭುಜ ಬಿಗಿಯುವುದು ಹೆಚ್ಚು, ಬಿಗಿದರೆ ಬಿಡುವುದು ನಿಧಾನ, ಒಂದು ಬಿಟ್ಟರೆ ಇನ್ನೊಂದು ಹಿಡಿಯುವುದೂ ಉಂಟು. ಎಷ್ಟೋ ಜನರಿಗೆ ಸಕ್ಕರೆ ಏರಿರುವುದು ಗೊತ್ತಾಗುವುದೇ ಬಿಗಿದ ಭುಜ ತೋರಿಸಲು ಹೋದಾಗ. ನಮ್ಮ ಕಡೆಯವರಿಗೆ ಸಕ್ಕರೆ ಕಾಯಿಲೆ ಬೇರೆ ಬೇಗ ಬರುತ್ತದೆ. ಸಕ್ಕರೆ ಏರಿಸಿಕೊಂಡೇ ವಾರಕ್ಕೆ ಎರಡೋ ಮೂರೋ ಎಂದು ಚರ್ಚಿಸುವುದು ವ್ಯರ್ಥ. ಎಡಭುಜದ ನೋವಿನ ಜೊತೆ ಎದೆಭಾರ, ಬೆವರು, ಏದುಸಿರು ಬಂದರಂತೂ ಸೂಜಿಯ ಮಾತೇ ಬೇಡ, ಕೊರಿಯಾದಲ್ಲಿದ್ದರೆ 119ಕ್ಕೆ ಫೋನ್ ಮಾಡಬೇಕು.

ಕೊರಿಯಾದಲ್ಲಿರುವ ಕನ್ನಡಿಗರೇ, ಆರು ತಿಂಗಳು ಮೀರಿ ಉಳಿಯುವ ವಿದೇಶಿಯರು ಸಾಮಾನ್ಯವಾಗಿ 2019ರ ಜುಲೈಯಿಂದ ರಾಷ್ಟ್ರೀಯ ಆರೋಗ್ಯ ವಿಮೆ ಕಟ್ಟಲೇಬೇಕು, ನೀವೂ ಕಟ್ಟುತ್ತಿದ್ದೀರಿ. ಆ ವಿಮೆಯಲ್ಲೇ ಎರಡು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಸಿಗುತ್ತದೆ, ಗೃಹಿಣಿಯರಿಗೂ ಸಿಗುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಅದರಲ್ಲಿ ಸೇರಿದೆ. ಮೊದಲು ಅದನ್ನು ಮಾಡಿಸಿ.